ಜಪಾನಿಯರಿಗೆ ಬಾಡಿಗೆ ಮನೆ: ಮೊದಲು ಗೀಸರ್ ನೋಡಿ

ಬಿಡದಿಯ ಟೊಯೋಟಾಗೋ ನರಸಾಪುರದ ಹೋಂಡಾಗೋ ಬರುವ ಜಪಾನಿ ಕುಟುಂಬಕ್ಕೆ ಬೆಂಗಳೂರಲ್ಲಿ ಮನೆ ತೋರಿಸುವಾಗ ಮಾರ್ಬಲ್ ಹೊಗಳುವುದನ್ನು ಬಿಟ್ಟು ನೇರ ಬಚ್ಚಲಿಗೆ ನಡೆಯಿರಿ. ಜಪಾನಿಯರಿಗೆ ಟಬ್‌ನ ಬಿಸಿನೀರಲ್ಲಿ ಮುಳುಗಿ ಕೂರುವುದೇ ಸ್ನಾನ. ಆ ಟಬ್ ತುಂಬಲು ಸುಮಾರು 200 ಲೀಟರ್ ನೀರು ಬೇಕು, ಅದೂ 40-42 ಡಿಗ್ರಿ ಬಿಸಿ. ನಮ್ಮ 25 ಲೀಟರ್ ಗೀಸರ್ ನೀರಿಗೆ ತಣ್ಣೀರು ಬೆರೆಸಿದರೂ 60 ಲೀಟರ್‌ಗೇ ಸುಸ್ತು. ಹಾಗಾಗಿ ಕರಾರಿಗೆ ಸಹಿ ಬೀಳುವ ಮುನ್ನವೇ ಮಾಲೀಕರಿಂದ 100 ಲೀಟರ್‌ನದ್ದು ಹಾಕಿಸಿ. ಆಮೇಲೆ ಯಾರೂ ಹಾಕಿಸುವುದಿಲ್ಲ.

ಕರಾರು ಸಾಮಾನ್ಯವಾಗಿ ಕಂಪನಿ ಹೆಸರಲ್ಲಿರುತ್ತದೆ. ಅದರಲ್ಲಿ ವಾಸಿಸುವವರ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇರಲಿ, ಇಲ್ಲದಿದ್ದರೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿಯಲ್ಲಿ ವಿಳಾಸದ ದಾಖಲೆಗೆ ತಕರಾರು ಬರುತ್ತದೆ. ಬಾಡಿಗೆದಾರರು ಬಂದ 24 ಗಂಟೆಯೊಳಗೆ ಈ ಕಚೇರಿಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕಾದವರು ಮನೆ ಮಾಲೀಕರು. ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ!