ಏಳೂವರೆಯ ಹಸಿವು

ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಯಿತು. ಹೇಗೆ ಬಿಟ್ಟೆ ಅಂತ ಕೇಳುವವರು ಜಾಸ್ತಿ. ಬಿಟ್ಟ ಮೇಲೆ ಹೇಗೆ ದಿನ ತಳ್ಳಿದೆ ಅಂತ ಯಾರೂ ಕೇಳಲ್ಲ. ನನಗೆ ಹೇಳಬೇಕಿರುವುದು ಅದೇ.

ಹತ್ತು ವರ್ಷ ಎಲ್ಲ ಕಷ್ಟಕ್ಕೂ ನನ್ನ ಹತ್ತಿರ ಒಂದೇ ಉತ್ತರ ಇತ್ತು. ಮನೆ ಮಾಲೀಕರು ಬಾಡಿಗೆ ಕೇಳಿದರೆ ಒಂದು ಕ್ವಾರ್ಟರ್, ಸೂಪರ್‌ವೈಸರ್ ಬೈದರೆ ಒಂದು ಕ್ವಾರ್ಟರ್. ಬಾಟಲಿ ಹೋದ ಮೇಲೂ ಬಾಡಿಗೆ, ಬೈಗುಳ, ಸಾಲ ಎಲ್ಲ ಹಾಗೇ ಇದ್ದವು. ಅವನ್ನು ಏನು ಮಾಡಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಕೌನ್ಸೆಲರ್ ಮೇಡಂ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟರು. ತೊಂದರೆ ಏನು ಅಂತ ಬಿಡಿಸಿ ಬರೆಯಿರಿ, ಹೊಳೆದ ದಾರಿಗಳನ್ನೆಲ್ಲ ಬರೆಯಿರಿ, ಒಂದನ್ನು ಆರಿಸಿ ಒಂದು ವಾರ ಮಾಡಿ ನೋಡಿ, ಆಗಲಿಲ್ಲ ಅಂದರೆ ಮತ್ತೆ ಅದೇ ಪುಟಕ್ಕೆ ಬನ್ನಿ ಅಂದರು. 1971ರಲ್ಲಿ ಡಿಜುರಿಲ್ಲಾ, ಗೋಲ್ಡ್‌ಫ್ರೈಡ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಹಾಕಿಕೊಟ್ಟ ಕ್ರಮ ಇದು ಅಂತ ಆಮೇಲೆ ತಿಳಿಯಿತು. ಆವತ್ತು ಮಾತ್ರ ಮಕ್ಕಳ ಹೋಂವರ್ಕ್ ಥರ ಕಂಡಿತ್ತು.

‘ಸಂಜೆ ಕುಡಿಯಬೇಕು ಅನ್ನಿಸುತ್ತೆ’ ಅಂತ ಮೊದಲ ಪುಟದಲ್ಲಿ ಬರೆದೆ. ಮೇಡಂ ಓದಿ, “ಸಂಜೆ ಅಂದ್ರೆ ಎಷ್ಟು ಗಂಟೆಗೆ? ಎಲ್ಲಿ? ಊಟ ಯಾವಾಗ ಆಗಿರುತ್ತೆ? ಜೇಬಲ್ಲಿ ಎಷ್ಟಿರುತ್ತೆ?” ಅಂತ ಕೇಳಿದರು. ಒಂದು ವಾರ ಬರೆದಿಟ್ಟೆ. ಪೀಣ್ಯದಲ್ಲಿ ಕೆಲಸ ಮುಗಿಸಿ, ಯಶವಂತಪುರದಲ್ಲಿ ರೈಲು ಹತ್ತಿ, ತುಮಕೂರಲ್ಲಿ ಇಳಿಯುವಾಗ ಏಳೂವರೆ. ಮಧ್ಯಾಹ್ನ ಒಂದು ಗಂಟೆಗೆ ತಿಂದ ಮುದ್ದೆ ಆದ ಮೇಲೆ ಹೊಟ್ಟೆಗೆ ಏನೂ ಬಿದ್ದಿರುತ್ತಿರಲಿಲ್ಲ. ಸ್ಟೇಷನ್ನಿಂದ ಮನೆಗೆ ಕಾಲು ಗಂಟೆ ನಡಿಗೆ, ದಾರಿಯಲ್ಲಿ ಎರಡು ಬಾರ್. ಆಸೆ ಬರುತ್ತಿದ್ದದ್ದು ಆ ಕಾಲು ಗಂಟೆಯಲ್ಲಿ, ಓವರ್‌ಟೈಮ್ ಮಾಡಿದ ಓಟಿ ದುಡ್ಡು ಕೈಗೆ ಬಂದ ದಿನವಂತೂ ತಡೆಯಲಾಗದಷ್ಟು.

ಮೊದಲು ಬಸ್ಸಲ್ಲಿ ಬರೋಣ ಅಂತ ಆರಿಸಿದೆ. ಬಸ್ಸು ತಡ, ಹಸಿವು ಇನ್ನೂ ಜಾಸ್ತಿ, ಇಳಿಯುವ ಕಡೆ ಇನ್ನೊಂದು ವೈನ್ ಶಾಪ್. ಮೂರನೇ ದಿನ ಒಳಗೆ ಹೋಗಿಬಿಟ್ಟೆ. ಬೆಳಿಗ್ಗೆ ಎದ್ದಾಗ ಎಲ್ಲ ಮುಗಿಯಿತು, ಇನ್ನು ಯಾಕೆ ತಡೆಯಬೇಕು ಅನ್ನಿಸಿತ್ತು. ಒಂದು ಸಲ ಜಾರುವುದು ಬೇರೆ, ಪೂರ್ತಿ ಹಳೇ ಕುಡಿತಕ್ಕೆ ಮರಳುವುದು ಬೇರೆ, ಈ ‘ಎಲ್ಲ ಮುಗಿಯಿತು’ ಅನ್ನುವ ಯೋಚನೆಯೇ ಅಲ್ಲಿಗೆ ಎಳೆದೊಯ್ಯುತ್ತದೆ ಅಂತ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ವಿವರಿಸಿದ್ದಾರಂತೆ. ಮೇಡಂ ಬೈಯಲಿಲ್ಲ. ಪೆನ್ನು ಕೊಟ್ಟು, ನಿನ್ನೆ ನಾಲ್ಕು ಗಂಟೆಯಿಂದ ಏನೇನಾಯಿತು ಬರೆಯಿರಿ ಅಂದರು.

ಈಗ ಐದೂವರೆಗೆ ಹುರಿದ ಕಡ್ಲೆಕಾಯಿ, ಎರಡು ಬಾಳೆಹಣ್ಣು ತಿನ್ನುತ್ತೇನೆ. ಓಟಿ ದುಡ್ಡು ಹೆಂಡತಿಯ ಖಾತೆಗೆ ಹೋಗುತ್ತದೆ. ರೈಲು ಇಳಿದ ಕೂಡಲೇ ಅವಳಿಗೆ ಫೋನ್ ಮಾಡಿ ಮನೆ ಬಾಗಿಲು ಮುಟ್ಟುವವರೆಗೂ ಮಾತಾಡುತ್ತೇನೆ. ಆಸೆ ಬರುತ್ತೆ, ಏರುತ್ತೆ, ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯುತ್ತೆ.

ಬೀಗರೂಟಕ್ಕೂ ಒಂದು ಪುಟ ಬೇಕಾಯಿತು. ನಮ್ಮ ಕಡೆ ಬೀಗರೂಟ ಅಂದರೆ ಗೊತ್ತಲ್ಲ, ಬಾಡೂಟದ ಜೊತೆ ತೋಟದ ಮೂಲೆಯಲ್ಲಿ ಬಾಟಲಿಗಳು. ಭಾವ “ಒಂದೇ ಒಂದು, ಏನೂ ಆಗಲ್ಲ ಬಾರೋ” ಅಂತ ಕೈ ಹಿಡಿಯುವುದು ಖಂಡಿತ ಇತ್ತು. “ಮಾತ್ರೆ ತಗೊಳ್ತಿದೀನಿ ಭಾವ, ಆಗಲ್ಲ” ಅನ್ನುವ ಒಂದು ಸಾಲನ್ನು ಹೆಂಡತಿ ಎದುರು ಹತ್ತು ಸಲ ಹೇಳಿ ಅಭ್ಯಾಸ ಮಾಡಿದೆ. ಅಲ್ಲಿ ಎಲೆ ಹಾಕುವ ಕೆಲಸ ನಾನೇ ಕೇಳಿ ತಗೊಂಡೆ. ಕೊನೆ ಪಂಕ್ತಿ ಏಳುವ ಮೊದಲೇ ಬೈಕ್ ಹತ್ತಿದೆ.

ಸಾಲದ ಪುಟ ಬರೆಯಲು ಎರಡು ತಿಂಗಳು ಬೇಕಾಯಿತು. ಒಟ್ಟು ಎಷ್ಟು ಅಂತ ಕೂಡಿಸಲೇ ಹೆದರಿಕೆ. ಕೂಡಿಸಿದಾಗ 1,86,000 ರೂಪಾಯಿ, ಹನ್ನೊಂದು ಜನಕ್ಕೆ. ಒಬ್ಬೊಬ್ಬರ ಮನೆಗೂ ಹೋಗಿ ತಿಂಗಳಿಗೆ ಇಷ್ಟು ಕೊಡ್ತೀನಿ ಅಂದೆ. ಇಬ್ಬರು ಕೂಗಾಡಿದರು. ಉಳಿದವರು ಒಪ್ಪಿದರು.

ಒಂದು ಮಾತು ಹೇಳಲೇಬೇಕು. ದಿನಾ ಜಾಸ್ತಿ ಕುಡಿಯುವವರು ಮನೆಯಲ್ಲಿ ಸುಮ್ನೆ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಕೆಲವು ದಿನಗಳಲ್ಲಿ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ ಹತ್ತಿರ ಹೋಗಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್‌ನ 14416, ಚಟ ಬಿಡಲು ನೆರವು ಬೇಕಾದರೆ 14446, ಎರಡೂ ಸರ್ಕಾರದ ನಂಬರ್. ನೋಟ್‌ಬುಕ್ಕಿನ ಕೆಲಸ ಆಮೇಲೆ.

ಈ ವಾರದ ಪುಟದಲ್ಲಿ ಮಗಳಿದ್ದಾಳೆ. ಒಂಬತ್ತನೇ ಕ್ಲಾಸು, ನನ್ನ ಜೊತೆ ಮಾತು ಕಡಿಮೆ. ‘ಮಗಳು ಮಾತಾಡಲ್ಲ’ ಅಂತ ಬರೆದು ಹೊಡೆದು ಹಾಕಿ, ‘ನಾನು ರೂಮಿಗೆ ಬಂದರೆ ಅವಳು ಎದ್ದು ಹೋಗುತ್ತಾಳೆ’ ಅಂತ ಬರೆದಿದ್ದೇನೆ. ಕೆಳಗೆ ಏಳು ದಾರಿಗಳಿವೆ. ಅವಳ ಸೈಕಲ್ಲಿನ ಚೈನು ಹದಿನೈದು ದಿನದಿಂದ ಕಳಚಿ ಬಿದ್ದಿದೆ. ಭಾನುವಾರ ಅದನ್ನು ಅಂಗಳದಲ್ಲೇ ಕೂತು, ಅವಳಿಗೆ ಕಾಣುವ ಹಾಗೆ ರಿಪೇರಿ ಮಾಡಬೇಕು ಅಂದುಕೊಂಡಿದ್ದೇನೆ.