ತಳ ಮುಟ್ಟದ ನುಸಿ: ಪ್ಯೂಟಾ ಕ್ರೀಕ್ ರಿಗ್ ಎಲ್ಲಿಗೆ ಬಂತು

ಫ್ಲೈ ಫಿಶಿಂಗ್ ದಾರವನ್ನು ಮುಳುಗಿಸುವ ಭಾರದ ಗುಂಡು ಕೊನೆಗೂ ಹೊಳೆಯ ತಳದ ಕಲ್ಲಿಗೆ ತಾಗುತ್ತಿದೆ. ಸೀಸ ಬಿಟ್ಟು ತವರದ ಗುಂಡಿಗೆ ಬದಲಾದಾಗಿನಿಂದ ಕೆಟ್ಟು ಕೂತಿದ್ದ ನಿಂಫ್ ರಿಗ್ (ಹುಳದ ಮರಿಯಂಥ ಕೃತಕ ಫ್ಲೈಯನ್ನು ತಳದಲ್ಲಿ ಸಾಗಿಸುವ ದಾರ, ಗುಂಡು, ಬೆಂಡುಗಳ ಜೋಡಣೆ) ದಾರಿಗೆ ಬಂದಿದೆ. ತೊಂದರೆ ಒಂದೇ ಆಗಿದ್ದರೆ ಬೇಗ ಸಿಕ್ಕಿಬೀಳುತ್ತಿತ್ತು. ಇದ್ದದ್ದು ಎರಡು, ಒಂದರ ಬೆನ್ನಿಗೆ ಇನ್ನೊಂದು ಅಡಗಿತ್ತು. ಒಂದನ್ನು ಸರಿಮಾಡಿದರೆ ಇನ್ನೊಂದು ಆಟ ಕೆಡಿಸುತ್ತಿತ್ತು. ಝೀಬ್ರಾ ಮಿಡ್ಜ್ ಎಂಬ ನುಸಿ ಫ್ಲೈ ಕಟ್ಟುವುದು, ಕ್ಲಿಂಚ್ ಗಂಟು, ರೋಲ್ ಕಾಸ್ಟ್ ಎಂಬ ಬೀಸು ಎಲ್ಲ ಕೈಗೆ ಬಂದಿದೆ ಎಂದುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ಈ ಪ್ಯೂಟಾ ಹೊಳೆಯ ಬಗ್ಗೆ ಎರಡೇ ಮಾತು. ಬೆರಿಯೆಸ್ಸಾ ಕೆರೆಯ ಆ ದುಂಡನೆಯ ಕೋಡಿಯ ಫೋಟೊ ತೆಗೆಯಲು ಹೋಗುವ ಬೇ ಏರಿಯಾದ ಕನ್ನಡಿಗರೆಲ್ಲ 128ನೇ ಹೆದ್ದಾರಿಯಲ್ಲಿ ಈ ಹೊಳೆಯ ಪಕ್ಕದಲ್ಲೇ ಹಾದುಹೋಗಿರುತ್ತಾರೆ. 1957ರಲ್ಲಿ ಮುಗಿದ ಮಾಂಟಿಚೆಲೊ ಅಣೆಕಟ್ಟಿನ ಆಳದಿಂದ ತಣ್ಣೀರು ಬರುತ್ತದೆ. ಅಲ್ಲಿಂದ ಸೊಲಾನೊ ಕೆರೆಯವರೆಗಿನ ಸುಮಾರು ಹತ್ತು ಕಿಲೋಮೀಟರ್ ಕಾಡು ರೇನ್‌ಬೋ ಟ್ರೌಟ್‌ಗಳ ಜಾಗ. ವರ್ಷವಿಡೀ ಗಾಳ ಹಾಕಬಹುದು. ಆದರೆ ಕೃತಕ ಫ್ಲೈ ಅಥವಾ ಲೂರ್ ಮಾತ್ರ, ಕೊಕ್ಕೆಗೆ ಮುಳ್ಳು ಇರಕೂಡದು, ಒಂದು ಮೀನನ್ನೂ ಮನೆಗೆ ಒಯ್ಯುವಂತಿಲ್ಲ. ಹಾಗಾಗಿ ಸಾರಿನ ಪ್ರಶ್ನೆ ಯಾರೂ ಎತ್ತಬೇಡಿ.

ಬೇಸಿಗೆಯಲ್ಲಿ ಹೊಲಗಳಿಗೆ ನೀರು ಬಿಟ್ಟಾಗ ಹೊಳೆ ತುಂಬಿ ಓಡುತ್ತದೆ, ಚಳಿಗಾಲಕ್ಕೆ ಇಳಿಯುತ್ತದೆ. ಇಳಿದ ನೀರಿನಲ್ಲಿ ಮೀನು ಕಣ್ಣಿಗೇ ಕಾಣುತ್ತದೆ. ತಳದಿಂದ ಒಂದು ಗೇಣು ಮೇಲೆ ನಿಂತು ಬಾಯಿ ತೆರೆದು ಮುಚ್ಚುತ್ತಿರುತ್ತದೆ, ಬಿಳಿ ಚುಕ್ಕೆ ಮಿನುಗಿದ ಹಾಗೆ. ತಿನ್ನುತ್ತಿರುವುದು ನುಸಿಯ ಮರಿ, ನಡುನಡುವೆ ಬೇಟಿಸ್ ಎಂಬ ಮೇಫ್ಲೈ ಹುಳದ ಮರಿ. ನಮ್ಮ ಫ್ಲೈ ಮಾತ್ರ ಅದರ ತಲೆಯ ಮೇಲೆ ಎಕ್ಸ್‌ಪ್ರೆಸ್ ಬಸ್ಸಿನಂತೆ ಹೋಗುತ್ತದೆ. ಮೀನು ತಿರುಗಿಯೂ ನೋಡುವುದಿಲ್ಲ.

ಫ್ಲೈ ಬದಲಿಸುವುದು ಇಂಥ ಹೊತ್ತಿನಲ್ಲಿ ಎಲ್ಲರೂ ಹಿಡಿಯುವ ಅಡ್ಡದಾರಿ. ಕಪ್ಪು, ಕೆಂಪು, ಆಲಿವ್, 20ರ ಕೊಕ್ಕೆ, 22ರ ಕೊಕ್ಕೆ ಎಂದು ಡಬ್ಬಿ ಖಾಲಿಯಾಗುತ್ತದೆ. ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ವೇಗ.

ಹರಿಯುವ ನೀರು ತಳದ ಕಲ್ಲಿಗೆ ಉಜ್ಜಿ ನಿಧಾನವಾಗುತ್ತದೆ. ಹೊಳೆಯ ಸರಾಸರಿ ವೇಗ ಸಿಗುವುದು ಮೇಲಿನಿಂದ ಆಳದ ಸುಮಾರು 0.6 ಭಾಗದಲ್ಲಿ, ನೀರು ಅಳೆಯುವವರು ಮೀಟರ್ ಇಳಿಸುವುದೂ ಅಲ್ಲಿಗೇ. ಅದರ ಮೇಲಿನ ನೀರು ಸರಾಸರಿಗಿಂತ ವೇಗ, ಕೆಳಗಿನದು ನಿಧಾನ, ಕಲ್ಲಿಗೆ ತಾಗಿದ ಕೊನೆಯ ಕೆಲವು ಇಂಚು ತೀರಾ ನಿಧಾನ. ಮೀನು ಕಚ್ಚಿದ್ದನ್ನು ತೋರಿಸುವ ಬೆಂಡು ಮೇಲಿನ ನೀರಿನಲ್ಲಿ, ಫ್ಲೈ ತಳದ ನೀರಿನಲ್ಲಿ, ಇಬ್ಬರಿಗೂ ಒಂದೇ ದಾರ. ಎತ್ತು ಏರಿಗೆ, ಕೋಣ ನೀರಿಗೆ. ಗುಂಡಿನ ಭಾರ ಸಾಲದಿದ್ದರೆ ಗೆಲ್ಲುವುದು ಯಾವಾಗಲೂ ಬೆಂಡು.

ಪರೀಕ್ಷೆ ಸುಲಭ. ರಾಡನ್ನು ಹರಿವಿಗೆ ಸಮಾನಾಂತರ ಹಿಡಿಯಿರಿ. ಬೆಂಡಿನ ಪಕ್ಕದ ನೊರೆ ಆ ಒಂಬತ್ತು ಅಡಿ ದಾಟಲು ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತದೆ ಎಣಿಸಿ. ಆಮೇಲೆ ಬೆಂಡಿನದನ್ನು ಎಣಿಸಿ. ನೊರೆಗೆ ಮೂರು, ಬೆಂಡಿಗೂ ಮೂರು ಬಂದರೆ ಫ್ಲೈ ಗಾಳಿಪಟದಂತೆ ಮೇಲೆ ತೇಲುತ್ತಿದೆ ಎಂದೇ ಅರ್ಥ. ಬೆಂಡಿಗೆ ನಾಲ್ಕರಿಂದ ನಾಲ್ಕೂವರೆ ಬರಬೇಕು, ನೊರೆ ಅದನ್ನು ಹಿಂದೆ ಹಾಕಿ ಹೋಗುವುದು ಕಾಣಬೇಕು. ಬೆಂಡು ನೊರೆಯ ಜೊತೆಗೇ ಚೆಂದವಾಗಿ ತೇಲಿದರೆ ಡ್ರಿಫ್ಟ್ (ಫ್ಲೈ ಹರಿವಿನ ಜೊತೆ ಸಾಗುವ ಬಗೆ) ಸರಿ ಎಂದು ನೀರಿನ ಮೇಲೆ ತೇಲುವ ಡ್ರೈ ಫ್ಲೈಯಲ್ಲಿ ಕಲಿತ ಪಾಠ ಇಲ್ಲಿ ಪೂರ್ತಿ ಉಲ್ಟಾ.

ಈಗ ಮೊದಲ ಕಳ್ಳ: ತವರ.

ಸೀಸದ ಚೂರು ನುಂಗಿದ ನೀರುಹಕ್ಕಿಗಳು ಸಾಯುತ್ತವೆ, ಆದ್ದರಿಂದ ಸೀಸ ಬಿಡುವುದೇ ಸರಿ. ಅದರ ಬಗ್ಗೆ ತಕರಾರಿಲ್ಲ. ತಕರಾರು ಪೊಟ್ಟಣದ ಮೇಲಿನ ನಂಬರಿನ ಬಗ್ಗೆ. ಸೀಸದ 4ನೇ ನಂಬರ್ ಗುಂಡು 0.2 ಗ್ರಾಂ. ಸೀಸದ ಸಾಂದ್ರತೆ 11.3, ತವರದ್ದು 7.3. ಅಷ್ಟೇ ಗಾತ್ರದ ತವರದ ಗುಂಡು 0.13 ಗ್ರಾಂ ಮಾತ್ರ. ಇಲ್ಲಿಗೆ ಮುಗಿಯುವುದಿಲ್ಲ, ಎರಡೂ ನೀರಿನಲ್ಲಿ ಮುಳುಗಿದಾಗ ನೀರು ಎತ್ತಿ ಹಿಡಿಯುವ ಪಾಲು ಎರಡಕ್ಕೂ ಸಮ. ಅದನ್ನು ಕಳೆದರೆ ಸೀಸಕ್ಕೆ 0.18, ತವರಕ್ಕೆ 0.11. ಅಂದರೆ ನೀರಿನೊಳಗೆ ತವರದ ಕೆಲಸ ಸೀಸದ ಶೇ 60ರಷ್ಟೇ. ಅಂಗಡಿಯಲ್ಲಿ ಮಾತ್ರ ಎರಡಕ್ಕೂ ಒಂದೇ ನಂಬರ್, ತವರಕ್ಕೆ ಬೆಲೆ ಮಾತ್ರ ಜಾಸ್ತಿ.

ಗಾತ್ರಕ್ಕೆ ತಕ್ಕ ನಂಬರ್ ಹಾಕಿದ ಪೊಟ್ಟಣವಾದರೆ ಸೀಸದ 4ಕ್ಕೆ ಬದಲು ತವರದ 1 ಹಾಕಿದರೆ ಲೆಕ್ಕ ಹತ್ತಿರ ಬರುತ್ತದೆ. ಅಥವಾ ತವರದ ಒಂದು 4 ಮತ್ತು ಒಂದು 6, ನಡುವೆ ಒಂದು ಇಂಚು ಬಿಟ್ಟು. ಎರಡನೆಯದೇ ವಾಸಿ: ಒಂದನ್ನು ಕಿತ್ತರೆ ಭಾರ ಸಣ್ಣ ಹೆಜ್ಜೆಯಲ್ಲಿ ಇಳಿಯುತ್ತದೆ. ಆದರೆ ಪೊಟ್ಟಣವನ್ನು ನಂಬಬೇಡಿ. ಒಂದು ಕಂಪನಿಯ ನಂಬರ್ ಗಾತ್ರಕ್ಕೆ, ಇನ್ನೊಂದರದ್ದು ತೂಕಕ್ಕೆ, ಯಾವುದು ಎಂದು ಎಲ್ಲೂ ಬರೆದಿರುವುದಿಲ್ಲ. 0.01 ಗ್ರಾಂ ತೋರಿಸುವ ಚಿನ್ನದ ತಕ್ಕಡಿಯಲ್ಲಿ ಹತ್ತು ಗುಂಡು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ.

ತವರದ ಇನ್ನೊಂದು ಕಾಟ, ಅದು ಗಟ್ಟಿ. ಸೀಸವನ್ನು ಬೆರಳಲ್ಲೇ ಒತ್ತಬಹುದು. ಇದಕ್ಕೆ ಇಕ್ಕಳ ಬೇಕು, ಇಕ್ಕಳದಲ್ಲಿ ಸ್ವಲ್ಪ ಹೆಚ್ಚು ಒತ್ತಿದರೆ 6ಎಕ್ಸ್ ಎಂಬ ತೆಳು ದಾರ ಜಜ್ಜಿ ಮೊದಲ ಮೀನಿಗೇ ಕಿತ್ತುಹೋಗುತ್ತದೆ. ಟಂಗ್‌ಸ್ಟನ್ ಪುಟ್ಟಿಯೂ ಇದೆ, ಗಂಟಿನ ಸುತ್ತ ಹಿಟ್ಟಿನಂತೆ ಮೆತ್ತಬಹುದು. ಈ ತಣ್ಣೀರಿನಲ್ಲಿ ಕಲ್ಲಾಗಿ ಒಡೆದು ಉದುರುತ್ತದೆ. ಮೆತ್ತುವ ಮೊದಲು ಅಂಗೈಯಲ್ಲಿ ಚೆನ್ನಾಗಿ ಬಿಸಿ ಮಾಡಿ, ಬರೀ ದಾರದ ಮೇಲೆ ಮೆತ್ತದೆ ಗಂಟಿನ ಮೇಲೆಯೇ ಮೆತ್ತಿದರೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಭಾರ ಸರಿಮಾಡಿದ ಮೇಲೂ ನೊರೆಗೆ ಮೂರು, ಬೆಂಡಿಗೆ ಮೂರೂಕಾಲು. ಎರಡನೇ ಕಳ್ಳ ಲೀಡರಿನೊಳಗೇ, ಅಂದರೆ ಲೈನಿನ ತುದಿಗೂ ಫ್ಲೈಗೂ ನಡುವಿನ ದಾರದೊಳಗೇ ಇದ್ದ.

ತುದಿಗೆ ಹೋದಂತೆ ಸಣ್ಣದಾಗುವ ಒಂಬತ್ತು ಅಡಿಯ ಟೇಪರ್ ಲೀಡರಿಗೆ ಟಿಪೆಟ್ ಎಂಬ ತೆಳು ದಾರ ಸೇರಿಸಿ ಮೇಲೆಲ್ಲೋ ಬೆಂಡು ಕಟ್ಟುವುದು ರೂಢಿ. ಹಾಗೆ ಕಟ್ಟಿದಾಗ ಬೆಂಡಿನ ಕೆಳಗಿನ ಮೊದಲ ಒಂದೆರಡು ಅಡಿ ಟೇಪರಿನ ದಪ್ಪ ಭಾಗ, 0.012 ಇಂಚು ಅಥವಾ ಅದಕ್ಕಿಂತ ಹೆಚ್ಚು. 6ಎಕ್ಸ್ ಎಂದರೆ 0.005 ಇಂಚು. ಹನ್ನೊಂದರಿಂದ ಎಕ್ಸ್‌ನ ನಂಬರ್ ಕಳೆದರೆ ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ದಪ್ಪ ಸಿಗುತ್ತದೆ, ಈ ಸೂತ್ರ ಎಲ್ಲರಿಗೂ ಗೊತ್ತೇ ಇದೆ. ನೀರು ದಾರವನ್ನು ತಳ್ಳುವ ಬಲ ದಪ್ಪ ಹೆಚ್ಚಿದಂತೆ ಹೆಚ್ಚುತ್ತದೆ, ಮತ್ತು ಈ ದಪ್ಪ ಭಾಗ ಕೂತಿರುವುದು ಅತಿ ವೇಗದ ಮೇಲಿನ ನೀರಿನಲ್ಲೇ. ಅದು ಮುಂದಕ್ಕೆ ಬಿಲ್ಲಿನಂತೆ ಬಾಗಿ ಫ್ಲೈಗಳನ್ನು ಎತ್ತಿ ಎಳೆದುಕೊಂಡು ಹೋಗುತ್ತದೆ. ಗುಂಡು ಹೆಚ್ಚಿಸಿದರೆ ಬಿಲ್ಲು ಸ್ವಲ್ಪ ನೆಟ್ಟಗಾಗುತ್ತದೆ, ಆದರೆ ಅಷ್ಟು ಭಾರ ಕಲ್ಲಿನ ಸಂದಿಗೆ ಸಿಕ್ಕಿ ಕೂರುತ್ತದೆ.

ಪರಿಹಾರ ಹಳೆಯದೇ, ಲಂಬಕೋನದ ರಿಗ್. ಬೆಂಡಿನ ಕೆಳಗೆ ಟೇಪರೇ ಬೇಡ. ಹಳೆಯ ಲೀಡರನ್ನು ದಪ್ಪ ತುದಿಯಿಂದ ಐದು ಅಡಿಗೆ ಕತ್ತರಿಸಿ. ಕತ್ತರಿಸಿದ ತುದಿಗೆ ಬೆಂಡಾಗಿ ಪಾಲಿಪ್ರೊಪಿಲಿನ್ ನೂಲಿನ ಒಂದಿಂಚಿನ ಕುಚ್ಚು ಕಟ್ಟಿ, ಬಾಚಿ ಬಿಡಿಸಿ, ತೇಲಿಸುವ ಮುಲಾಮಿನಂಥ ಫ್ಲೋಟಂಟ್ ಒಣ ನೂಲಿಗೇ ಹಚ್ಚಿ. ಒದ್ದೆಯಾದ ಮೇಲೆ ಹಚ್ಚಿದರೆ ನೀರನ್ನು ಒಳಗೇ ಮುಚ್ಚಿಟ್ಟಂತೆ, ಬೆಂಡು ಮುಳುಗುತ್ತದೆ. ಈಗ 6ಎಕ್ಸ್ ಫ್ಲೋರೊಕಾರ್ಬನನ್ನು ಕುಚ್ಚಿನ ಸ್ವಲ್ಪ ಮೇಲೆ ಲೀಡರಿನ ಮೈಗೇ ಕ್ಲಿಂಚ್ ಗಂಟು ಹಾಕಿ, ಜಾರಿಸಿ ಕುಚ್ಚಿನ ಗಂಟಿಗೆ ತಂದು ನಿಲ್ಲಿಸಿ. ಅಲ್ಲಿಂದ ಅದು ನೇರ ಕೆಳಕ್ಕೆ ಇಳಿಯುತ್ತದೆ. ಆಳ ನಾಲ್ಕು ಅಡಿಯಾದರೆ ಗುಂಡಿನವರೆಗೆ ನಾಲ್ಕೂವರೆ ಅಡಿ ಸಾಕು. ಆಳದ ಒಂದೂವರೆ ಪಟ್ಟು ಎಂಬ ಹಳೆಯ ಲೆಕ್ಕ ಬಾಗಿದ ಲೀಡರಿಗೆ ಹೇಳಿದ್ದು.

ಗುಂಡು ನಿಲ್ಲಿಸುವ ಜಾಗದಲ್ಲಿ ಮೂರು ಸುತ್ತಿನ ಸರ್ಜನ್ಸ್ ಗಂಟು. ಕೆಳಮುಖದ ಬಾಲ ಎರಡಿಂಚು ಬಿಟ್ಟು, ಅದರ ತುದಿಗೆ ಸಾದಾ ಗಂಟು ಹಾಕಿ, ಗುಂಡನ್ನು ಆ ಬಾಲಕ್ಕೇ ಒತ್ತಿ. ಕಲ್ಲಿಗೆ ಸಿಕ್ಕಿದರೆ ಗುಂಡು ಮಾತ್ರ ಜಾರಿ ಹೋಗುತ್ತದೆ, ಫ್ಲೈಗಳು ಉಳಿಯುತ್ತವೆ, ಮುಖ್ಯ ದಾರ ಜಜ್ಜುವುದೂ ಇಲ್ಲ. ಗಂಟಿನಿಂದ ಎಂಟಿಂಚಿಗೆ ಮೊದಲ ಫ್ಲೈ, ಅಲ್ಲಿಂದ ಹನ್ನೆರಡಿಂಚಿಗೆ ಎರಡನೆಯದು. ಎಂಟಿಂಚಿಗಿಂತ ಹತ್ತಿರ ತಂದರೆ ಮೀನಿಗೆ ಗುಂಡು ಕಾಣುತ್ತದೆ. ಹದಿನೈದಕ್ಕೆ ಒಯ್ದರೆ ದಾರ ಸಡಿಲವಾಗಿ, ಮೀನು ಫ್ಲೈ ಬಾಯಿಗೆ ಹಾಕಿ ಉಗುಳಿದ್ದೂ ಬೆಂಡಿಗೆ ಗೊತ್ತಾಗುವುದಿಲ್ಲ. ಎರಡನೇ ಫ್ಲೈಯ ದಾರವನ್ನು ಮೊದಲನೆಯದರ ಕೊಕ್ಕೆಯ ಬಾಗಿಗೆ ಕಟ್ಟುವ ಅಭ್ಯಾಸ ಇಲ್ಲಿ ಬಿಡಬೇಕು. ಮುಳ್ಳಿಲ್ಲದ ಕೊಕ್ಕೆಯಲ್ಲಿ ಗಂಟು ಜಾರಿ ಹೊರಗೆ ಬರುತ್ತದೆ. ಕೊಕ್ಕೆಯ ಕಣ್ಣಿಗೇ ಕಟ್ಟಿ.

ಈಗ ನೊರೆಗೆ ಮೂರು, ಬೆಂಡಿಗೆ ನಾಲ್ಕೂಕಾಲು. ಮಧ್ಯೆ ಮಧ್ಯೆ ಬೆಂಡು ಸಣ್ಣಗೆ ತಡವರಿಸುತ್ತದೆ, ಗುಂಡು ಕಲ್ಲು ತಟ್ಟುತ್ತಿದೆ ಎಂದರ್ಥ. ಪ್ರತಿ ಡ್ರಿಫ್ಟಿಗೂ ಗುಂಡಿಗೆ ಪಾಚಿ ಅಂಟಿ ಬಂದರೆ ಭಾರ ಅಥವಾ ಉದ್ದ ಹೆಚ್ಚಾಗಿದೆ. ಒಮ್ಮೆಯೂ ಅಂಟದಿದ್ದರೆ ಕಡಿಮೆ. ಕಲ್ಲಿನ ತಡೆ ಕುಟುಕಿದಂತಿರುತ್ತದೆ; ಮೀನಿನದ್ದಾದರೆ ಬೆಂಡು ಸುಮ್ಮನೆ ನಿಂತಂತಾಗುತ್ತದೆ. ಅನುಮಾನ ಬಂದರೆ ಎತ್ತಿಬಿಡಿ, ಆದರೆ ಮೇಲಕ್ಕಲ್ಲ, ರಾಡನ್ನು ತಗ್ಗಿಸಿ, ಹರಿವು ಹೋಗುವ ಕಡೆಗೇ ಪಕ್ಕಕ್ಕೆ ಎಳೆಯಿರಿ. 6ಎಕ್ಸ್ ಮೇಲೆ ಗಾಳಿಗೆ ಎತ್ತಿ ಬೀಸಿದರೆ ಮೀನಿನ ಜೊತೆ ಫ್ಲೈಯೂ ಹೋಯಿತು.

ಈ ರಿಗ್ಗಿಗೆ ಬೆಲೆ ತೆರಬೇಕಾದದ್ದು ಬೀಸುವಾಗ. ಬಿಗಿಯಾದ ಲೂಪಿನಲ್ಲಿ ಬೀಸಿದರೆ ಲಂಬಕೋನ ಸುತ್ತಿಕೊಂಡು ಹಕ್ಕಿಗೂಡಾಗುತ್ತದೆ. ಹಿಂದಕ್ಕೆ ಬೀಸುವುದೇ ಬೇಡ: ಡ್ರಿಫ್ಟ್ ಮುಗಿದಾಗ ಲೈನನ್ನು ಕೆಳಗಡೆ ನೀರಿನ ಮೇಲೆ ನೆಟ್ಟಗೆ ಬಿಗಿಯಾಗಲು ಬಿಟ್ಟು, ಆ ಎಳೆತದಲ್ಲೇ ಒಂದೇ ಅಗಲವಾದ ಬೀಸಿನಲ್ಲಿ ಮೇಲಕ್ಕೆ ಹಾಕಿ. ಬಿದ್ದ ತಕ್ಷಣ ಮೇಲ್ಮುಖ ಮೆಂಡ್, ಅಂದರೆ ಲೈನನ್ನು ಎತ್ತಿ ಹರಿವಿನ ಎದುರಿಗೆ ಹಾಕುವುದು, ಬೇಕಾದರೆ ಬೆಂಡೂ ಎದ್ದು ಬೀಳುವಷ್ಟು ಜೋರಾಗಿ. ಮೊದಲ ಎರಡು ಸೆಕೆಂಡಿನಲ್ಲಿ ಗುಂಡು ಮುಳುಗಬೇಕು, ಆಮೇಲೆ ಬೆಂಡನ್ನು ಮುಟ್ಟಬಾರದು.

ಫ್ಲೈಗಳ ಬಗ್ಗೆ ಹೇಳಲು ಹೆಚ್ಚಿಲ್ಲ, ಅವುಗಳ ತಲೆಗೆ ಹಾಕುವ ಮಣಿಗಳ ಬಗ್ಗೆ ಇದೆ. ಒಂದು ಆನ್‌ಲೈನ್ ಅಂಗಡಿ ಟಂಗ್‌ಸ್ಟನ್ ಎಂದು ಕಳಿಸಿದ 1.5 ಮಿ.ಮೀ. ಮಣಿಗಳು ಹಿತ್ತಾಳೆಯವು. ಕಣ್ಣಿಗೆ ವ್ಯತ್ಯಾಸವೇ ಇಲ್ಲ, ತಕ್ಕಡಿ ಹೇಳುತ್ತದೆ: ಇಪ್ಪತ್ತೈದು ಮಣಿ ಟಂಗ್‌ಸ್ಟನ್ ಆದರೆ ಹತ್ತಿರಹತ್ತಿರ 0.7 ಗ್ರಾಂ, ಹಿತ್ತಾಳೆಯಾದರೆ 0.3. ದೂರು ಕೊಟ್ಟರೆ ‘ಬ್ಯಾಚ್ ವ್ಯತ್ಯಾಸ’ ಎಂಬ ಉತ್ತರ. ಬ್ಯಾಚ್ ಬದಲಾದರೆ ಲೋಹವೂ ಬದಲಾಗುತ್ತದೆಂದು ಈಗ ತಿಳಿಯಿತು. ಮಣಿ ಕೊಕ್ಕೆಯ ಬಾಗು ದಾಟದೆ ಸಿಕ್ಕಿಕೊಂಡರೆ ಮೊದಲು ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ, ಸಣ್ಣ ತೂತಿನ ಕಡೆಯಿಂದ ತೂರಿಸಿ. 22ರ ಕೊಕ್ಕೆಯ ಕಣ್ಣಿಗೆ ವಾರ್ನಿಶ್ ಇಳಿದಿದ್ದರೆ ಮನೆಯಲ್ಲೇ ಸೂಜಿಯಿಂದ ಬಿಡಿಸಿಟ್ಟುಕೊಳ್ಳಿ. ಹೊಳೆಯ ಮಧ್ಯೆ ಮರಗಟ್ಟಿದ ಬೆರಳಲ್ಲಿ ಆ ಕೆಲಸ ಆಗುವುದಿಲ್ಲ.

ಈ ನಡುವೆ ಮೇಜಿನ ಮೇಲೆ ಇನ್ನೊಂದು ಹುಚ್ಚು ಶುರುವಾಗಿದೆ: ಊರಿಗೆ ಹೋದಾಗ ಮಹಶೀರ್‌ಗೆಂದು ದೊಡ್ಡ ಸ್ಟ್ರೀಮರ್, ಪುಟ್ಟ ಮೀನಿನಂಥ ಫ್ಲೈ. ಮಹಶೀರ್‌ಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಇವೆ, ಸಾಧಾರಣ ಕೊಕ್ಕೆಯನ್ನು ಜಜ್ಜಿ ಹಾಕುತ್ತದೆ. ದಪ್ಪ ತಂತಿಯ 1/0 ಕೊಕ್ಕೆಯೇ ಬೇಕು, ಅದನ್ನು ಫ್ಲೈ ಕಟ್ಟುವಾಗ ಕೊಕ್ಕೆ ಹಿಡಿದಿಡುವ ಇಲ್ಲಿನ ಪುಟ್ಟ ವೈಸ್‌ನ ದವಡೆ ಹಿಡಿಯುತ್ತಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ತೀರಾ ಅಂಚಿನಲ್ಲಿದೆ, ಹಾಗಾಗಿ ಅನುಮತಿ ಇರುವ ಕಡೆ, ಹಿಡಿದು ಬಿಡುವುದಕ್ಕೆ ಮಾತ್ರ. ಮೊದಲು ವೈಸ್‌ಗೆ ದಾರಿ ಹುಡುಕಬೇಕು.

ಪ್ಯೂಟಾಗೆ ಮರಳಿದರೆ, ಚಳಿಗಾಲದ ನಡುವೆ ರಿಗ್ಗಿಗೆ ವಿರಾಮ. ಟ್ರೌಟ್ ಮೊಟ್ಟೆಯಿಡುವ ಹೊತ್ತು ಅದು. ಸುತ್ತಲಿನ ಕಪ್ಪು ತಳದ ನಡುವೆ ತೊಳೆದಿಟ್ಟಂತೆ ಬೆಳ್ಳಗೆ ಕಾಣುವ ಜಲ್ಲಿಯ ಗುಂಡಿಗಳ ಮೇಲೆ ಕಾಲಿಟ್ಟರೆ ಮೊಟ್ಟೆಗಳು ಪುಡಿ. ಇನ್ನು ಬೂಟು: 2003ರಿಂದ ಈ ಹೊಳೆಯಲ್ಲಿ ನ್ಯೂಜಿಲೆಂಡಿನ ಕೆಸರು ಬಸವನಹುಳ ಇದೆ. ಕೆಲವೇ ಮಿಲಿಮೀಟರಿನದು, ಗಂಡಿಲ್ಲದೆಯೇ ಮರಿ ಹಾಕುತ್ತದೆ, ಒಂದೇ ಒಂದು ಅಂಟಿಕೊಂಡು ಬೇರೆ ಹೊಳೆಗೆ ಹೋದರೂ ಸಾಕು. ಬ್ರಷ್ಷಿನಿಂದ ಉಜ್ಜಿ ಬೂಟನ್ನು ಆರು ಗಂಟೆಗಿಂತ ಹೆಚ್ಚು ಫ್ರೀಜರಿನಲ್ಲಿಡಬೇಕು. ತುರಿದ ತೆಂಗಿನಕಾಯಿ ಪೊಟ್ಟಣಗಳ ಪಕ್ಕದಲ್ಲಿ ಅದಕ್ಕೆ ಜಾಗ ಸಿಗುವುದು ಮನೆಯವರ ಕೃಪೆ. ಎರಡು ಚೀಲದೊಳಗೆ ಕಟ್ಟಿ, ಮೇಲೆ ‘ಬೂಟು’ ಎಂದು ದೊಡ್ಡದಾಗಿ ಬರೆಯಿರಿ.

ನೀರು ಮತ್ತೆ ಏರಿದಾಗ ಹತ್ತು ಅಡಿಯ 3ವೆಯ್ಟ್ ರಾಡಿನಲ್ಲಿ ಬೆಂಡೇ ಇಲ್ಲದ ಯೂರೋ ನಿಂಫಿಂಗ್ ಪರೀಕ್ಷಿಸುವ ಯೋಜನೆ ಇದೆ. ಮೇಲಿನ ನೀರಿನಲ್ಲಿ ತೇಲುವುದೇ ಏನೂ ಇಲ್ಲದಿದ್ದರೆ ಈ ಅರ್ಧ ತಲೆನೋವೇ ಇರುವುದಿಲ್ಲ. ರಾಡಿನ ಆರ್ಡರ್ ‘ಶೀಘ್ರದಲ್ಲಿ ರವಾನೆ’ ಎಂಬಲ್ಲೇ ನಿಂತಿದೆ.