ಮಿಷನ್‌ನಲ್ಲಿ ಹೊಲಿದುಬಿಡಬಾರದಾ?

ಹಳೇ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹೊದಿಕೆ, ಕೌದಿ, ಹರಡಿಕೊಂಡು ಕೂತಾಗ ಮನೆಗೆ ಬಂದವರೆಲ್ಲ ಕೇಳುವುದು ಇದನ್ನೇ: "ಮೂಲೆಯಲ್ಲಿ ಮಿಷನ್ ಇದೆಯಲ್ಲ, ಅದರಲ್ಲೇ ಹೊಲಿದುಬಿಡಬಾರದಾ?"

ಹೊಲಿದು ನೋಡಿದ್ದೇನೆ. ನಾನು ಮಂಡ್ಯದವಳು, ಕಂಬಳಿ ಹೊದ್ದು ಬೆಳೆದವಳು. ಕೌದಿ ಕಲಿಸಿದ್ದು ಧಾರವಾಡದ ಕಡೆಯ ನಮ್ಮತ್ತೆ. ಅವರು ಊರಿಗೆ ಹೋದಾಗ ಮಿಷನ್ ಎಳೆದುಕೊಂಡೆ. ಅಡಿಗೆ ಹಳೇ ಇಳಕಲ್ ಸೀರೆ, ನಡುವೆ ಎರಡು ಪದರ ಪಂಚೆ, ಮೇಲೆ ಬಣ್ಣಬಣ್ಣದ ಚೂರು. ಮಿಷನ್ನಿನ ಹಲ್ಲು ಅಡಿಯ ಬಟ್ಟೆಯನ್ನು ಮುಂದೆ ತಳ್ಳುತ್ತೆ, ಮೇಲಿನದನ್ನು ಸೂಜಿಯ ಪಕ್ಕದ ಲೋಹದ ಪಾದ ಒತ್ತಿ ಹಿಡಿಯುತ್ತೆ. ನಾಲ್ಕು ಗೆರೆ ಮುಗಿಯುವಷ್ಟರಲ್ಲಿ ಮೇಲೆಲ್ಲ ನೆರಿಗೆ. ಮುಗಿದಾಗ ಹಲಗೆಯ ಹಾಗೆ ಸೆಟೆದಿತ್ತು. ಅತ್ತೆ ಬಂದವರೇ, "ಇದನ್ನ ಹೊಚ್ಚಿಕೊಳ್ಳಾಕ ಹೊಲ್ದಿಯೋ, ಗ್ವಾಡಿಗೆ ಆನಿಸಾಕ ಹೊಲ್ದಿಯೋ?" ಅಂದರು. ಎರಡು ಸಲ ಒಗೆದ ಮೇಲೆ ಸವೆದ ಬಟ್ಟೆ ಹೊಲಿಗೆಯ ಗೆರೆಯಲ್ಲೇ ಕ್ಯಾಲೆಂಡರ್ ಹಾಳೆಯಂತೆ ಬಿಟ್ಟುಕೊಂಡಿತು. ಅಷ್ಟು ಒತ್ತಾಗಿ ಚುಚ್ಚಿದರೆ ಹಳೇ ಬಟ್ಟೆ ತಡೆಯದು.

ಕೈಯಲ್ಲಾದರೆ ಎಡಗೈ ಅಡಿಯಲ್ಲಿರುತ್ತೆ. ಯಾವ ಪದರ ಜಾರಿತು ಅಂತ ಬೆರಳಿಗೆ ಗೊತ್ತಾಗುತ್ತೆ. ಅಕ್ಕಿಕಾಳಿನಷ್ಟು ಹೊಲಿಗೆ ಮೂರೋ ನಾಲ್ಕೋ ಸೂಜಿಗೆ ಏರಿಸಿ ಒಮ್ಮೆಗೇ ದಾರ ಎಳೆಯುವುದು, ಸ್ವಲ್ಪ ಸಡಿಲ ಬಿಟ್ಟು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ತಮ್ಮ ಕೌದಿಯನ್ನು, ಅವರ ಮಾತಿನಲ್ಲಿ ಕವಂದಿಯನ್ನು, ಅಂಚಿನಿಂದ ಶುರುಮಾಡಿ, ಚೂರು ಸೇರಿಸುತ್ತಾ ಸುತ್ತು ಹಾಕಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಮುಕ್ಕೋನದ 'ಫುಲ' ಕೂರಿಸದಿದ್ದರೆ ಅವರ ಲೆಕ್ಕದಲ್ಲಿ ಅದು ಪೂರ್ತಿಯಲ್ಲ. ಅಂಚಿನಿಂದ ಒಳಕ್ಕೆ ಬರುವ ಆ ಕ್ರಮ ನಾನೂ ಹಿಡಿದಿದ್ದೇನೆ. ಮೂಲೆ ಮಾತ್ರ ಇನ್ನೂ ಸೊಟ್ಟ.

ಹೊಸ ಕಾಟನ್ ಬಟ್ಟೆಯ, ಎರಡೇ ಪದರದ ಕೂಸಿನ ಹೊದಿಕೆಯಾದರೆ ಮಿಷನ್ನಿಗೆ ಕೊಡಿ, ನನ್ನ ತಕರಾರಿಲ್ಲ.

ದೊಡ್ಡದೊಂದಕ್ಕೆ ನನಗೆ ಎರಡು ತಿಂಗಳು ಬೇಕು. ಅದಕ್ಕಿಂತ ಕಷ್ಟ ಬಟ್ಟೆ ಹೊಂಚುವುದು. ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವನು ಬೀದಿಗೆ ಬಂದರೆ ಅಕ್ಕಪಕ್ಕದ ಕಾಟನ್ ಸೀರೆಗಳೆಲ್ಲ ಅವನ ಗಂಟಿಗೆ. ನನಗೆ ಉಳಿಯುವುದು ಪಾಲಿಯೆಸ್ಟರ್. ಅದು ಬೆವರು ಹೀರದು, ಸೂಜಿಯಡಿ ನಿಲ್ಲದು.

ಇನ್ನೊಂದು ವಿಷಯ. ಕೈಹೊಲಿಗೆಯ ಕೌದಿ ಸವೆದರೆ ಎಸೆಯುವುದಿಲ್ಲ, ಮೇಲೊಂದು ಸೀರೆ ಹಾಸಿ ಮತ್ತೆ ಹೊಲಿಯುತ್ತೇವೆ. ಅತ್ತೆ ಹೊದೆಯುವುದರ ಒಂದು ಮೂಲೆ ಮೊನ್ನೆ ಹರಿದಿತ್ತು. ತೇಪೆ ಹಾಕಲು ಬಿಡಿಸಿದೆ. ಒಳಗೆ ಇನ್ನೊಂದು ಕೌದಿ, ಹಸಿರು ದಾರದ್ದು. ಅದು ಅವರ ಅವ್ವ ಹೊಲಿದದ್ದಂತೆ.